ಸಾಬಣ್ಣನ ಹುಟ್ಟುಗೋಲು, ನನ್ನ ಎರಡು ಅರ್ಜಿ

ಮಲ್ಲಮ್ಮ, ನಿಮ್ಮಪ್ಪನನ್ನು ಹೊಳೆಯ ಘಟ್ಟದಿಂದ ಎಬ್ಬಿಸಿದ ಅರ್ಜಿಯನ್ನು ಬರೆದವನು ನಾನು.

ನಾರಾಯಣಪೇಟೆಯ ಸೀರೆ ಸಾವ್ಕಾರ್ರು ನಮ್ಮಪ್ಪನ ಸಲುವಾಗಿ ಸರ್ಕಾರಕ್ಕೆ ಅರ್ಜಿ ಬರೆದರು ಎಂದು ನೀನು ಊರೆಲ್ಲ ಹೇಳಿಕೊಂಡು ಬಂದಿದ್ದೀಯಲ್ಲ — ನಾನು ಹೇಳುತ್ತಿರುವುದು ಆ ಅರ್ಜಿಯಲ್ಲ. ಅದಕ್ಕೂ ಮೊದಲು ಒಂದಿತ್ತು. ಯಾರು ಬರೆದರೆಂದು ಕೊನೆಯವರೆಗೂ ಯಾರಿಗೂ ತಿಳಿಯದೆ ಹೋಯಿತಲ್ಲ, ಅದು. ಅದೂ ನನ್ನ ಕೈಯದೇ. ಎರಡನೆಯದನ್ನು ಬರೆದದ್ದು ನಿಜ. ಆದರೆ ಅದನ್ನು ನಾನು ಟಪಾಲಿಗೆ ಹಾಕಲೇ ಇಲ್ಲ. ಇವತ್ತಿಗೂ ನನ್ನ ಸಂದೂಕಿನಲ್ಲಿ, ಹಳೆಯ ನಮೂನೆ ಸೀರೆಗಳ ಕೆಳಗೆ ಇದೆ.

ಇಷ್ಟನ್ನು ಬರೆಯಲು ನಾಲ್ಕು ದಿನ ಹಿಡಿಯಿತು. ನಾಲ್ಕು ದಿನ ಎಂದೆನೇ — ಅದೂ ಸುಳ್ಳು. ನಲವತ್ತು ವರ್ಷದ ಹತ್ತಿರ ಹತ್ತಿರ ಆಯಿತು. ಬಾಯಲ್ಲಿ ಹೇಳಲು ಹೋದರೆ ನಾನು ಎಲ್ಲಿ ಜಾರಿಕೊಳ್ಳುತ್ತೇನೆ ಎಂಬುದು ನನಗೇ ಗೊತ್ತು. ವ್ಯಾಪಾರಸ್ಥನ ನಾಲಿಗೆ ಇದು, ಬಣ್ಣ ಹೋಗುವ ಸೀರೆಯನ್ನೂ ಹೊಗಳಿ ಮಾರಿದ ನಾಲಿಗೆ. ಅದಕ್ಕೇ ಮೊದಲು ಕಾಗದಕ್ಕೆ ಇಳಿಸುತ್ತಿದ್ದೇನೆ.

ನಿಮ್ಮಪ್ಪನನ್ನು ನೆನೆದರೆ ನನಗೆ ಈಗಲೂ ಮೊದಲು ಬರುವುದು ಒಂದು ವಾಸನೆ. ನೀರಲ್ಲಿ ನೆನೆದ ತೊಗಲು, ಬಿದಿರು, ಅದರ ಮೇಲೆ ನನ್ನ ಗಂಟಿನ ಹೊಸ ಸೀರೆಗಳ ಗಂಜಿ. ನಿಜಾಮರ ಸರ್ಕಾರದ ಕಾಲ. ನಾರಾಯಣಪೇಟೆಯಿಂದ ಮಖ್ತಲ್, ಮಖ್ತಲ್‌ನಿಂದ ಬಂಡಿಯಲ್ಲಿ ಕೃಷ್ಣೆಯ ದಂಡೆ, ಅಲ್ಲಿಂದ ಹರಗೋಲು, ಆಚೆ ಇಳಿದರೆ ಗದ್ವಾಲದ ದಾರಿ. ತಿಂಗಳಿಗೆ ಎರಡು ಸಲ ನನ್ನ ತಿರುಗಾಟ. ನಮ್ಮ ಚೌಕಡಿ ಸೀರೆ ಒಯ್ದು ಅಲ್ಲಿಯ ರೇಷ್ಮೆ ಅಂಚಿನ ಸೀರೆ ತರುವುದು. ಈಗ ಬಸ್ಸು ರಾಯಚೂರಿನ ಕಡೆಯಿಂದ ಸುತ್ತಿ ಹೋಗುತ್ತದೆ, ಕಿಟಕಿಯ ಪಕ್ಕ ಕೂತು ನಿದ್ದೆ ಮಾಡಿದರೆ ಗದ್ವಾಲ ಬಂದಿರುತ್ತದೆ. ಆಗ ಹಾಗಲ್ಲ, ಹೊಳೆ ದಾಟುವುದೆಂದರೆ ಒಂದು ಮನೆಗೆ ಹೋಗಿ ಬಂದ ಹಾಗಿರುತ್ತಿತ್ತು.

ಆ ಮನೆಯ ಯಜಮಾನ ಅಂಬಿಗರ ಸಾಬಣ್ಣ. ಎತ್ತರದ ಆಳು, ಒಂದು ಕಿವಿಗೆ ಮಾತ್ರ ಒಂಟಿ, ದನಿ ಮಾತ್ರ ಎರಡೂ ದಂಡೆಗೆ ಕೇಳುವಂಥದ್ದು. ನನ್ನ ತಲೆ ದೂರದಲ್ಲಿ ಕಂಡರೆ ಸಾಕು —

"ಬರ್ರೀ ಬರ್ರೀ ಸಾವ್ಕಾರ್ರೇ! ನಿಮ್ಮ ಗಂಟು ನನ್ನ ಹರಗೋಲಿಗಿಂತ ಭಾರ ಐತಿ. ಒಳಗ ಯಾವ ರಾಣೀನ ಕಟಗೊಂಡು ಬಂದೀರಿ?"

ಹತ್ತು ಹನ್ನೆರಡು ಜನ, ಎರಡು ಮೇಕೆ, ಒಂದು ಮೂಟೆ ಮೆಣಸಿನಕಾಯಿ — ಎಲ್ಲರನ್ನೂ ಆ ದುಂಡನೆಯ ಹರಗೋಲಿನಲ್ಲಿ ಎಲ್ಲಿ ಯಾರನ್ನು ಕೂಡಿಸಬೇಕೋ ಅಲ್ಲಲ್ಲೇ ಕೂಡಿಸುತ್ತಿದ್ದ. ನಮ್ಮವರ ಕೂಡ ಕನ್ನಡ, ಆಚೆಯವರ ಕೂಡ ತೆಲುಗು, ಜವಾನರ ಕೂಡ ಉರ್ದು. ಮುದುಕಿಯರು ಇಳಿಯುವಾಗ "ಮೆಲ್ಲಗಾ ದಿಗಂಡಮ್ಮಾ" ಎಂದು ತನ್ನ ಭುಜ ಕೊಡುತ್ತಿದ್ದ. ಇದನ್ನೆಲ್ಲ ನಿನಗೆ ನಾನು ಹೇಳಬೇಕೇ? ಹೇಳಬೇಕು, ಮಲ್ಲಮ್ಮ. ಆಗ ನಿನಗೆ ಎಂಟೋ ಒಂಬತ್ತೋ ವರ್ಷ. ನೀನು ಕಂಡದ್ದು ಕಡಿಮೆ, ನಾನು ಕಂಡದ್ದು ಹೆಚ್ಚು.

ಹರಗೋಲು ದಂಡೆಗೆ ತಾಗಿದ ಕೂಡಲೆ ಅವನೊಂದು ಕೆಲಸ ಮಾಡುತ್ತಿದ್ದ. ಹುಟ್ಟುಗೋಲನ್ನು ನೀರಿನಿಂದ ಎತ್ತಿ, ಅದರ ಅಗಲವಾದ ತುದಿಯನ್ನು ಇಳಿಯುವವರ ಮುಂದೆ ಅಡ್ಡಲಾಗಿ ಹಿಡಿಯುತ್ತಿದ್ದ. ನೀರು ತೊಟ್ಟಿಕ್ಕುವ ಆ ಹಲಗೆಯ ಮೇಲೆ ಯಾರಿಗೆ ಏನು ಮನಸ್ಸೋ ಅದನ್ನು ಇಟ್ಟು ಇಳಿಯುವುದು. ಒಂದು ದುಡ್ಡು, ಎಲೆ ಅಡಿಕೆ, ಬೆಲ್ಲದ ಚೂರು, ಒಂದು ಹಿಡಿ ಶೇಂಗಾ. ಏನೂ ಇಲ್ಲದವರು ಬರಿಗೈಯಿಂದ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಅವರಿಗೂ ಅಷ್ಟೇ ಬಗ್ಗಿಸಿ ಹಿಡಿಯುತ್ತಿದ್ದ. ಯಾರು ಏನಿಟ್ಟರೆಂದು ನೋಡುತ್ತಿರಲಿಲ್ಲ, ಹೊಳೆಯ ಕಡೆಗೆ ಮುಖ ಮಾಡಿರುತ್ತಿದ್ದ. ಜಾರಿ ನೀರಿಗೆ ಬಿದ್ದದ್ದನ್ನು ಯಾರೂ ಹೆಕ್ಕುವಂತಿರಲಿಲ್ಲ. ಅದು ಗಂಗಮ್ಮನದು.

ಅದಕ್ಕೆ ಖುಷಿ ಎಂದು ಹೆಸರು. ಬಕ್ಷೀಸು ಎಂದರೆ ಅವನಿಗೆ ಸೇರುತ್ತಿರಲಿಲ್ಲ. ಕೈಯಲ್ಲಿ ಯಾಕೆ ತೆಗೆದುಕೊಳ್ಳುವುದಿಲ್ಲವೋ ಎಂದು ನಾನೇ ಒಮ್ಮೆ ಕೇಳಿದ್ದೆ.

"ಕೈಯಾಗ ತಗೊಂಡ್ರ ಅದು ಕೂಲಿ ಆಗ್ತೈತ್ರೀ ಸಾವ್ಕಾರ್ರೇ. ಕೂಲಿ ಗುತ್ತೇದಾರ ಕೊಡ್ತಾನ. ಇದು ನೀವು ಮುಳುಗದಂಗ ದಂಡಿ ಮುಟ್ಟಿದ್ರಲ್ಲ, ಅದಕ್ಕ."

ಗುತ್ತೇದಾರ ಎಂದರೆ ಘಟ್ಟವನ್ನು ಸರ್ಕಾರದಿಂದ ಗುತ್ತಿಗೆ ಹಿಡಿದವನು. ಕಿರಾಯಿಯೆಲ್ಲ ಅವನ ಡಬ್ಬಿಗೆ. ಅಂಬಿಗರಿಗೆ ಅವನು ಕೊಡುತ್ತಿದ್ದದ್ದು ವಾರಕ್ಕಿಷ್ಟು ಜೋಳ. ಮಿಕ್ಕಿದ್ದೆಲ್ಲ, ಎಣ್ಣೆ, ಉಪ್ಪು, ನಿನ್ನ ಮೈಮೇಲಿನ ಲಂಗ, ಆ ಒದ್ದೆ ಹಲಗೆಯ ಮೇಲಿನಿಂದ ಬರುತ್ತಿತ್ತು. ಇದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಲು ಬಹಳ ಸಲ ನೋಡಿದ್ದೇನೆ. ಆದರೆ ಗೊತ್ತಿತ್ತು.

ನಾನು ಖುಷಿ ಇಡುತ್ತಿದ್ದೆನೇ? ಇಡುತ್ತಿದ್ದೆ — ಕಡಿಮೆ, ಅದೂ ನಾಲ್ಕು ಜನ ನೋಡುವಾಗ. ಹೈದರಾಬಾದಿನಲ್ಲಿ ನಾಲ್ಕು ವರ್ಷ ಓದಿ ಬಂದಿದ್ದೆ, ಉರ್ದು ಅಕ್ಷರ ಮುತ್ತು ಪೋಣಿಸಿದಂತೆ ಬರೆಯುತ್ತಿದ್ದೆ. ಊರಿನ ಹಳೆಯ ಪದ್ಧತಿ ಕಂಡರೆ ಮೂಗು ಮುರಿಯುವುದು ಆಗ ನನ್ನ ಚಟ. ದಾಟಿಸುವುದಕ್ಕೆ ಕಿರಾಯಿ ಕೊಟ್ಟ ಮೇಲೆ ಮತ್ತೇನು? ಒಬ್ಬ ದುಡಿಯುವ ಮನುಷ್ಯ ಇನ್ನೊಬ್ಬರ ಮನಸ್ಸಿನ ಮೇಲೆ ಯಾಕೆ ಬದುಕಬೇಕು? ಏನಿದ್ದರೂ ಕಿರಾಯಿಯಲ್ಲೇ ಸೇರಿಸಲಿ, ಕೊಡುವವರಿಗೂ ಮುಜುಗರವಿಲ್ಲ, ತೆಗೆದುಕೊಳ್ಳುವವರಿಗೂ ತಲೆ ತಗ್ಗಿಸುವುದು ಬೇಡ. ಅಂಗಡಿಯ ಕಟ್ಟೆಯ ಮೇಲೆ ಕೂತು ಈ ವಾದವನ್ನು ಎಷ್ಟು ಜನರ ಮುಂದೆ ಮಾಡಿದ್ದೇನೋ! ಈಗಲೂ ಹೇಳುತ್ತೇನೆ, ವಾದ ಕೆಟ್ಟದ್ದಲ್ಲ. ಒಳ್ಳೆಯ ಮನುಷ್ಯನೊಬ್ಬ ಒಳ್ಳೆಯ ಮನಸ್ಸಿನಿಂದ ಮಾಡಬಹುದಾದ ವಾದ. ಆದರೆ ನಾನು ಅರ್ಜಿ ಬರೆದದ್ದು ಒಳ್ಳೆಯ ಮನಸ್ಸಿನಿಂದಲ್ಲ, ಮಲ್ಲಮ್ಮ. ಸಿಟ್ಟಿನಿಂದ. ನನ್ನ ಮದುವೆಯ ಸಿಟ್ಟು ಅದು.

ನೀಲಮ್ಮ ಗದ್ವಾಲದ ಹುಡುಗಿ. ಕಾರ್ತಿಕದ ಕೊನೆಗೆ ಅಲ್ಲೇ ಮದುವೆ. ಮರುದಿನ ಹೆಣ್ಣನ್ನು ಕರೆದುಕೊಂಡು ಹೊಳೆ ದಾಟಬೇಕು. ಹೊಳೆ ಇನ್ನೂ ತುಂಬಿಕೊಂಡಿತ್ತು, ನೀರು ತಿಳಿಯಾಗಿತ್ತು, ದಂಡೆಯ ಗುಡ್ಡದ ಮೇಲೆ ಸೀತಾಫಲ ಒಡೆದು ಬಿದ್ದಿದ್ದವು. ಸಾಬಣ್ಣ ಹರಗೋಲಿಗೆ ಮಾವಿನ ಸೊಪ್ಪು ಕಟ್ಟಿ ಕಾಯುತ್ತಿದ್ದ. ಅಷ್ಟು ಚೆಂದದ ಬೆಳಗು ನನ್ನ ಜೀವನದಲ್ಲಿ ಮತ್ತೊಂದು ಬಂದಿಲ್ಲ. ಅದನ್ನು ಹೇಗೆ ಹಾಳು ಮಾಡಿಕೊಂಡೆ ನೋಡು.

ಮದುವೆಯ ಹರಗೋಲಿಗೆ ಒಂದು ಪದ್ಧತಿ ಇತ್ತು. ನಡುಹೊಳೆಗೆ ಬಂದಾಗ ಅಂಬಿಗ ಹರಗೋಲು ನಿಲ್ಲಿಸಿ ಮದುಮಗನನ್ನು ಖುಷಿ ಕೇಳುವುದು. ಮದುಮಗ ಇಲ್ಲವೆನ್ನುವುದು. ಆಗ ಅಂಬಿಗ ಹರಗೋಲನ್ನು ಒಂದು ಸುತ್ತು ಬುಗುರಿಯ ಹಾಗೆ ತಿರುಗಿಸುವುದು, ಹೆಂಗಸರು ಕಿರುಚಿ ನಗುವುದು, ಮದುಮಗ ಸೊಂಟದಲ್ಲಿ ಮೊದಲೇ ಸಿಕ್ಕಿಸಿಕೊಂಡು ಬಂದ ರೂಪಾಯಿ ತೆಗೆದು ಹುಟ್ಟುಗೋಲಿನ ಮೇಲೆ ಇಡುವುದು. ಅಷ್ಟೇ. ಎಲ್ಲರಿಗೂ ಗೊತ್ತಿದ್ದ ಆಟ. ನನ್ನ ಸೊಂಟದಲ್ಲೂ ನನ್ನ ಮಾವ ರೂಪಾಯಿ ಸಿಕ್ಕಿಸಿಯೇ ಕಳಿಸಿದ್ದರು.

"ಮದುಮಗ ಸಾವ್ಕಾರ್ರೇ," ಎಂದ ಸಾಬಣ್ಣ ಹುಟ್ಟುಗೋಲು ಚಾಚಿ, "ಗಂಗಮ್ಮ ಕೇಳಾಕತ್ಯಾಳ್ರೀ. ನಮ್ಮ ದಂಡಿ ಹುಡುಗೀನ ಒಯ್ಯಾಕತ್ತೀರಿ, ನನಗೇನು ತಂದೀರಿ ಅಂತ!"

ಇಟ್ಟಿದ್ದರೆ ಮುಗಿದುಹೋಗುತ್ತಿತ್ತು. ಹೊಸ ಬೀಗರ ಮುಂದೆ ನನ್ನ ಓದು ತೋರಿಸುವ ಹುಚ್ಚು ನನಗೆ. "ಕಿರಾಯಿ ಕೊಟ್ಟಾಗೈತಿ. ಏನಿದ್ದರೂ ಎಲ್ಲಾ ಅದರಾಗ ಸೇರಿರಬೇಕು. ಮ್ಯಾಲ ಒಂದು ದುಡ್ಡೂ ಕೊಡೂದಿಲ್ಲ," ಎಂದೆ.

ಸಾಬಣ್ಣನ ಮುಖ ಅರಳಿತು. "ಹೌದಾ? ಎಲ್ಲಾ ಸೇರೈತಾ? ಹಂಗಾರ ಇದೂ ಕಿರಾಯಿದಾಗ ಸೇರೈತಿ, ತಗೋರಿ!" ಎಂದವನೇ ತಿರುಗಿಸಿದ ನೋಡು! ಒಂದು ಸುತ್ತು, ಎರಡು, ಮೂರು. ಜನ ಹೋ ಎಂದು ನಕ್ಕರು. ನಾನು ಹಲ್ಲು ಕಚ್ಚಿ ಕೂತೆ. ನಾಲ್ಕನೆಯ ಸುತ್ತಿಗೆ ಗುಡ್ಡ, ನೀರು, ಮಾವಿನ ಸೊಪ್ಪು ಎಲ್ಲ ಕಲಸಿಕೊಂಡು — ಬಾಸಿಂಗ ಕಟ್ಟಿಕೊಂಡ ತಲೆ ತಗ್ಗಿಸಿ, ಬೆಳಗಿನ ಊಟವನ್ನೆಲ್ಲ ನೀಲಮ್ಮನ ಹೊಸ ಸೀರೆಯ ಸೆರಗಿನ ಮೇಲೆ ಕಾರಿಕೊಂಡೆ.

ನಗು ನಿಂತುಹೋಯಿತು. ಆಗ ನೀಲಮ್ಮ, ತಲೆ ಎತ್ತದೆ, ಸೆರಗಿನ ಇನ್ನೊಂದು ತುದಿಯ ಗಂಟು ಬಿಚ್ಚಿದಳು. ಅವಳ ಅವ್ವ ಕಟ್ಟಿಕೊಟ್ಟ ದುಡ್ಡು ಅದರಲ್ಲಿತ್ತು. ಅದನ್ನು ಹುಟ್ಟುಗೋಲಿನ ಮೇಲಿಟ್ಟಳು. ಹರಗೋಲು ನಿಂತಿತು.

"ತಾಯಿ, ನಿನ್ನ ಸಂಸಾರ ಎಂದೂ ಸುಳಿಗೆ ಸಿಗದಂಗ ಇರಲಿ," ಎಂದ ಸಾಬಣ್ಣ. ಅವನ ದನಿಯಲ್ಲಿ ಆಟ ಇರಲಿಲ್ಲ, ಹೆದರಿದ್ದ ಪಾಪ. ತನ್ನ ಚೀಲದಿಂದ ಹುಣಸೆಹಣ್ಣು ತೆಗೆದು ನನ್ನ ಮುಂದೆ ಹಿಡಿದ. "ಬಾಯಾಗ ಇಟ್ಗೋರಿ ಸಾವ್ಕಾರ್ರೇ, ತಡೀತೈತಿ. ತಪ್ಪಾತ್ರೀ." ಅಷ್ಟರಲ್ಲಿ ಬೀಗರ ಕಡೆಯ ಯಾವನೋ ಅಂದ: "ಅಳಿಯಂದ್ರು ಭಾಳ ಶಾಣ್ಯಾರು ಬಿಡ್ರೀ. ಮೊದಲನೇ ದಿನಾನಾ ಹೆಂಡ್ತಿ ಕಡಿಂದ ಕೊಡಸಿದ್ರು!" ಮತ್ತೆ ನಗು.

ಹುಣಸೆಹಣ್ಣನ್ನು ನಾನು ಹೊಳೆಗೆ ಎಸೆದೆ.

ಅರ್ಜಿ ಬರೆದದ್ದು ಎಂಟು ದಿನದ ಮೇಲೆ. ಹಾಡುಹಗಲು, ಅಂಗಡಿಯಲ್ಲಿ, ಗಿರಾಕಿಗಳಿಗೆ ಸೀರೆ ತೋರಿಸುತ್ತ ತೋರಿಸುತ್ತಲೇ. ನನ್ನ ಅತ್ಯಂತ ಚೆಂದದ ಉರ್ದುವಿನಲ್ಲಿ. ಘಟ್ಟದ ಅಂಬಿಗರು ಮುಸಾಫಿರರಿಂದ ಜಬರ್ದಸ್ತಿ ವಸೂಲಿ ಮಾಡುತ್ತಾರೆ ಎಂದು ಬರೆದೆ. ನಡುನೀರಿನಲ್ಲಿ ನಿಲ್ಲಿಸಿ, ಹೆಂಗಸರು ಮಕ್ಕಳಿದ್ದ ಹರಗೋಲನ್ನು ಮುಳುಗಿಸುವುದಾಗಿ ಹೆದರಿಸುತ್ತಾರೆ ಎಂದು ಬರೆದೆ. ಮದುವೆಯಾಗಿ ಬರುತ್ತಿದ್ದ ಒಬ್ಬ ಹೆಣ್ಣುಮಗಳ ಒಡವೆ ಕಸಿದುಕೊಂಡರು ಎಂದೂ ಬರೆದೆ — ಸೆರಗಿನ ಒಂದು ದುಡ್ಡು ನನ್ನ ಲೇಖನಿಯಲ್ಲಿ ಒಡವೆಯಾಯಿತು. ಕೊನೆಗೆ, ಬಕ್ಷೀಸನ್ನು ಕಿರಾಯಿಯಲ್ಲೇ ಸೇರಿಸಿ ಈ ಪದ್ಧತಿಯನ್ನು ಬಂದ್ ಮಾಡಬೇಕೆಂದು ಸರ್ಕಾರದ ಪಾದಗಳಲ್ಲಿ ವಿನಂತಿ. ಕೆಳಗೆ ಹೆಸರಿಲ್ಲ. 'ಮುಸಾಫಿರರ ಪರವಾಗಿ' ಎಂದಷ್ಟೇ. ಬರೆದು ಮುಗಿಸಿ, ಒಮ್ಮೆ ಓದಿಕೊಂಡು — ಹೇಳಲು ನಾಚಿಕೆಯಾಗುತ್ತದೆ — ಅಕ್ಷರ ಎಷ್ಟು ಚೆಂದ ಬಂದಿವೆ ಎಂದು ಹಿಗ್ಗಿದೆ.

ಏನೂ ಆಗಲಿಕ್ಕಿಲ್ಲ ಎಂದುಕೊಂಡಿದ್ದೆ. ಎರಡು ತಿಂಗಳಲ್ಲಿ ಹುಕುಂ ಬಂತು. ಘಟ್ಟದ ಎರಡೂ ದಂಡೆಯಲ್ಲಿ ಹುಕುಂ ಬರೆದ ಹಲಗೆ ತೂಗುಹಾಕಿದರು, ಉರ್ದು, ತೆಲುಗು, ಕನ್ನಡ ಮೂರರಲ್ಲೂ. ಬಕ್ಷೀಸು ಕಿರಾಯಿಯಲ್ಲಿ ಸೇರಿದೆ. ಬೇರೆಯಾಗಿ ತೆಗೆದುಕೊಂಡ ಅಂಬಿಗನನ್ನು ಘಟ್ಟದಿಂದ ತೆಗೆಯಲಾಗುವುದು. ಕಿರಾಯಿ ಒಂದೂವರೆಪಟ್ಟು ಆಯಿತು. ಅಂಬಿಗರ ಜೋಳ ಇದ್ದಷ್ಟೇ ಇತ್ತು. ಸೇರಿದ್ದು ಎಲ್ಲಿ ಸೇರಿತೆಂದು ಗುತ್ತೇದಾರನ ಮನೆಯ ಹೊಸ ಹೆಂಚು ನೋಡಿದರೆ ತಿಳಿಯುತ್ತಿತ್ತು. ನನ್ನ ಕಟ್ಟೆಯ ವಾದದಲ್ಲಿ ಈ ಗುತ್ತೇದಾರ ಒಬ್ಬ ಬರುತ್ತಾನೆಂಬುದನ್ನು ನಾನು ಮರೆತೇಬಿಟ್ಟಿದ್ದೆ, ಅಥವಾ ನೆನಪಿಟ್ಟುಕೊಳ್ಳಲಿಲ್ಲ.

ಹಲಗೆ ಬಂದ ಮೇಲೆ ಮೊದಲ ಸಲ ದಾಟಿದ ದಿನ ಮರೆಯುವುದಿಲ್ಲ. ದಂಡೆ ತಾಗಿತು. ಸಾಬಣ್ಣ ಹುಟ್ಟುಗೋಲು ಎತ್ತಿ, ಅಭ್ಯಾಸಬಲದಿಂದ ಮುಂದೆ ಚಾಚಲು ಹೋಗಿ, ಹಿಂದಕ್ಕೆ ಎಳೆದು ಹೆಗಲ ಮೇಲೆ ಇಟ್ಟುಕೊಂಡ. ಜನ ಇಳಿದರು, ನಡೆದರು. ಯಾರೂ ತಿರುಗಿ ನೋಡಲಿಲ್ಲ. ಅವನು ತಮಾಷೆ ಮಾಡುವುದನ್ನೂ ಬಿಟ್ಟಿದ್ದ. ನನಗೆ ಗೆದ್ದೆನೆಂದು ಅನ್ನಿಸಬೇಕಿತ್ತು. ಗಂಟು ಹೊತ್ತು ದಂಡೆ ಹತ್ತಿದೆ, ಅಷ್ಟೇ.

ಆಗಲಾದರೂ ಸುಮ್ಮನಿರಬಹುದಿತ್ತು. ಮರುವರ್ಷ ನೀಲಮ್ಮ ಬಸುರಿ, ಚೊಚ್ಚಲ ಹೆರಿಗೆಗೆ ತವರಿಗೆ ಹೊರಟಳು. ನಾನೇ ಕರೆದುಕೊಂಡು ಹೋದೆ. ಗದ್ವಾಲದ ದಂಡೆಗೆ ಇಳಿಯುವಾಗ ಅವಳು ಸೆರಗಿನ ಗಂಟು ಬಿಚ್ಚಿದಳು. ಸಾಬಣ್ಣ ಹೆಗಲ ಮೇಲಿನ ಹುಟ್ಟುಗೋಲು ಇಳಿಸಲಿಲ್ಲ, "ಬ್ಯಾಡ ತಾಯಿ, ಹಲಗಿ ಐತಿ" ಎಂದ. ನೀಲಮ್ಮ ಕೇಳಲಿಲ್ಲ: "ಎರಡು ಜೀವ ದಾಟಸೀರಿ, ಹಂಗಾ ಹೋಗಾಕ ಬರೂದಿಲ್ರೀ." ಬಸುರಿ ಹೆಣ್ಣುಮಗಳು ಕೊಟ್ಟದ್ದನ್ನು ಬೇಡ ಎನ್ನಲು ಅವನಿಗೆ ಮನಸ್ಸು ಬರಲಿಲ್ಲ. ಹುಟ್ಟುಗೋಲು ಇಳಿಸಿ ಹಿಡಿದ. ಮುಖ ಹೊಳೆಯ ಕಡೆಗೆ ತಿರುಗಿಸಿದ, ಹಿಂದಿನ ಹಾಗೆಯೇ.

ಗುತ್ತೇದಾರನ ಗುಮಾಸ್ತ ದಂಡೆಯ ಮೇಲೇ ಕೂತಿದ್ದ. ಓಡಿ ಬಂದ. ನೀಲಮ್ಮ ಹೇಳಿದಳು, ಸಾಬಣ್ಣ ಬೇಡಲಿಲ್ಲ, ತಾನೇ ಇಟ್ಟೆ ಎಂದು. ಹೆಂಗಸಿನ ಮಾತು ಗುಮಾಸ್ತನಿಗೆ ಸಾಕ್ಷಿಯಲ್ಲ. ನನ್ನ ಕಡೆ ತಿರುಗಿದ. "ಸಾವ್ಕಾರ್ರೇ, ನೀವು ಹೇಳ್ರಿ. ನೀವು ಏನಂತೀರೋ ಅದಾ ನಿಜ."

ನನ್ನ ಹೆಂಡತಿ ಹೇಳಿದ್ದು ಸರಿ — ಇಷ್ಟು ಅಂದರೆ ಸಾಕಿತ್ತು. ಘಟ್ಟದಲ್ಲಿ ನನ್ನ ಮಾತಿಗೆ ಬೆಲೆ ಇತ್ತು. ಸಾಬಣ್ಣ ನನ್ನ ಮುಖ ನೋಡುತ್ತಿದ್ದ. ನಾನು ಅಂದೆ:

"ಹಲಗಿ ಮ್ಯಾಲ ಬರದದ್ದು ಎಲ್ಲರಿಗೂ ಒಂದಾ."

ಅಷ್ಟೇ ಮಾತು. ಅವತ್ತೇ ಅವನನ್ನು ತೆಗೆದರು. ಹರಗೋಲು ಗುತ್ತೇದಾರನದು, ಹುಟ್ಟುಗೋಲು ಮಾತ್ರ ಅವನ ಸ್ವಂತದ್ದು. ಅದನ್ನು ಹೆಗಲ ಮೇಲಿಟ್ಟುಕೊಂಡು ದಂಡೆಗುಂಟ ನಡೆದು ಹೋದ.

ಹದಿನೈದು ದಿನದ ಮೇಲೆ ಅವನು ನನ್ನ ಅಂಗಡಿಗೆ ಬಂದ. ನನ್ನನ್ನು ಬೈಯಲು ಬಂದನೆಂದುಕೊಂಡೆ. ಬೈದಿದ್ದರೆ, ಮಲ್ಲಮ್ಮ, ಇವತ್ತು ನಾನು ಹಗುರಾಗಿರುತ್ತಿದ್ದೆ. ಅವನು ಕಟ್ಟೆಯ ಕೆಳಗೆ ನಿಂತು ಅಂದದ್ದು ಇದು: "ಸಾವ್ಕಾರ್ರೇ, ಅವತ್ತು ನೀವು ಕಾಯ್ದೆ ಮಾತು ಆಡಿದ್ರಿ. ನಿಮ್ಮದೇನು ತಪ್ಪಿಲ್ಲ. ಆದರ ಈ ಹಲಗಿ ಬರಾಕ ಯಾರೋ ಅರ್ಜಿ ಕೊಟ್ಟಾರಂತ. ಅದರಾಗ ಸುಳ್ಳು ಬರದಾರಂತ. ನಾ ಯಾರ ಒಡವಿ ಕಸಗೊಂಡೀನ್ರೀ? ಉರ್ದು ನಿಮಗ ಚೊಲೋ ಬರ್ತೈತಿ. ನನ್ನ ಪರವಾಗಿ ಒಂದು ಅರ್ಜಿ ಬರದುಕೊಡ್ರಿ." ಆಮೇಲೆ ಕೇಳಿದ: "ಅದನ್ನ ಬರದಾವ ಯಾರಂತ ನಿಮಗೇನರ ತಿಳೀತೇನ್ರೀ?"

"ಯಾರೋ ಪಟ್ಟಣದವರಿರಬೇಕು, ಸಾಬಣ್ಣ," ಎಂದೆ.

ಬರೆದುಕೊಟ್ಟೆ. ಅವನ ಮುಂದೆಯೇ ಕೂತು, ಅವನು ಹೇಳಿದ್ದನ್ನೆಲ್ಲ ಬರೆದೆ. ಇಪ್ಪತ್ತು ವರ್ಷ ಒಬ್ಬರನ್ನೂ ಮುಳುಗಿಸಿಲ್ಲ ಎಂದದ್ದು, ಪ್ರವಾಹದಲ್ಲಿ ಸರ್ಕಾರದ ಟಪಾಲು ದಾಟಿಸಿದ್ದು, ಖುಷಿ ಎಂದರೇನು ಎಂಬುದು. ಎಲ್ಲ ನಿಜ. ಕೆಳಗೆ ಹೆಬ್ಬೆಟ್ಟು ಒತ್ತಿದ. ಬರೆದದ್ದಕ್ಕೆ ದುಡ್ಡು ಕೊಡಲು ಬಂದ, ಬೇಡವೆಂದೆ. ಅವನ ಕಣ್ಣು ತುಂಬಿದವು. ಒಳ್ಳೆಯವನೆಂದು ಅನ್ನಿಸಿಕೊಂಡೆನಲ್ಲ, ಆ ಗಳಿಗೆಯನ್ನು ನೆನೆದರೆ ಮೈ ಹತ್ತಿ ಉರಿಯುತ್ತದೆ.

ಅವನು ಹೋದ ಮೇಲೆ ಅರ್ಜಿಯನ್ನು ಲಕೋಟೆಗೆ ಹಾಕಲು ಮಡಿಸಿದವನು ಹಾಗೇ ನಿಂತೆ. ಅದೇ ಕಚೇರಿ. ಅರ್ಜಿ ತೆಗೆದುಕೊಳ್ಳುವ ಅದೇ ಪೇಶ್ಕಾರ. ಹಳೆಯ ಅರ್ಜಿಯ ಪಕ್ಕದಲ್ಲಿ ಇದನ್ನು ಇಟ್ಟನೆಂದರೆ — ಎರಡೂ ಒಂದೇ ಕೈಯ ಅಕ್ಷರ. ನಾನು ಹಿಗ್ಗಿದ ಅಕ್ಷರ. ಬೇರೆಯವರ ಕೈಯಿಂದ ನಕಲು ಮಾಡಿಸಬಹುದಿತ್ತು. ಅಕ್ಷರ ಕೆಡಿಸಿ ಮತ್ತೆ ಬರೆಯಬಹುದಿತ್ತು. ಅದೆಲ್ಲ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆದಿತ್ತು. ನಾಳೆ ಮಾಡೋಣ ಎಂದು ಸಂದೂಕಿನಲ್ಲಿ ಇಟ್ಟೆ.

ಪ್ರತಿ ಸಂತೆಗೆ ಅವನು ಬರುತ್ತಿದ್ದ. "ಜವಾಬು ಬಂತೇನ್ರೀ?" "ಸರ್ಕಾರದ ಕೆಲಸ, ಸಾಬಣ್ಣ, ತಡ ಆಗ್ತೈತಿ." "ಹೌದ್ರೀ, ತಡ ಆಗ್ತೈತಿ." ಒಂದು ವರ್ಷ ಇದೇ ಮಾತು. ಒಂದು ಸಲವೂ ನನ್ನ ಮೇಲೆ ಅನುಮಾನ ಪಡಲಿಲ್ಲ. ಆಮೇಲೆ ಬರುವುದು ನಿಂತಿತು. ರಸ್ತೆಗೆ ಕಲ್ಲು ಒಡೆಯುವ ಕೂಲಿಗೆ ಹೋಗುತ್ತಿದ್ದಾನೆಂದು ಕೇಳಿದೆ. ನಿಜಾಮರ ಸರ್ಕಾರ ಹೋಯಿತು, ಗುತ್ತೇದಾರ ಹೋದ, ಹಲಗೆಯನ್ನು ಯಾರೋ ಒಲೆಗೆ ಹಾಕಿದರು. ಆಗಲಾದರೂ ಹುಡುಕಿಕೊಂಡು ಹೋಗಬಹುದಿತ್ತು. ಹೋಗಲಿಲ್ಲ. ಜ್ವರದಲ್ಲಿ ಸತ್ತನೆಂದು ಸುದ್ದಿ ಬಂದ ದಿನ ಅಂಗಡಿ ಮುಚ್ಚಿದೆ. ಯಾಕೆಂದು ಯಾರಿಗೂ ಹೇಳಲಿಲ್ಲ.

ಆ ವರ್ಷ ಕಾರ್ತಿಕದಲ್ಲಿ ನೀನು ಬಂದೆ, ತಲೆಯ ಮೇಲೆ ಸೀತಾಫಲದ ಬುಟ್ಟಿ ಹೊತ್ತುಕೊಂಡು. ಯಾರೆಂದು ನನಗೆ ಗುರುತಾಗಲಿಲ್ಲ. ನೀನು ಬುಟ್ಟಿ ಇಳಿಸಿ ಅಂದೆ: "ಅಪ್ಪ ಸಾಯೂ ಮುಂದ ಹೇಳ್ಯಾನ್ರೀ ಸಾವ್ಕಾರ್ರೇ. ಅರ್ಜಿ ಬರದಿದ್ದಕ್ಕ ನೀವು ರೊಕ್ಕ ಮುಟ್ಟಲಿಲ್ಲಂತ. ಅವರ ಖುಷಿ ನನ್ನ ಮ್ಯಾಲ ಉಳದೈತಿ, ನೀ ಮುಟ್ಟಸವ್ವಾ ಅಂದ."

ಕೇಳಿದೆಯಾ ಮಲ್ಲಮ್ಮ? ಖುಷಿ. ಯಾವುದನ್ನು ಅವನ ಹುಟ್ಟುಗೋಲಿನಿಂದ ನಾನು ಕಿತ್ತುಕೊಂಡೆನೋ ಅದನ್ನೇ ಅವನು ನನಗೆ ಕಳಿಸಿದ್ದ. ಮಾಡದ ಕೆಲಸಕ್ಕೆ. ಅವತ್ತೇ ನಿನ್ನ ಮುಂದೆ ಬಾಯಿ ಬಿಡಬೇಕಿತ್ತು. "ಕೂಡವ್ವಾ, ಚಹಾ ಕುಡಿ," ಎಂದೆ. ಅಲ್ಲಿಂದ ಈಚೆಗೆ ಒಂದು ಕಾರ್ತಿಕವೂ ತಪ್ಪಿಲ್ಲ. ನೀನು ಬರಲಾಗದ ವರ್ಷ ಬುಟ್ಟಿ ಮಖ್ತಲ್ ಬಸ್ಸಿನ ಮೇಲೆ ಬರುತ್ತದೆ, ಮೇಲೆ ಬೇವಿನ ಸೊಪ್ಪು ಮುಚ್ಚಿಕೊಂಡು. ನಾನು ತಿಂದಿದ್ದೇನೆ. ಇಷ್ಟೂ ವರ್ಷ, ಬೀಜ ಉಗುಳಿ ಉಗುಳಿ ತಿಂದಿದ್ದೇನೆ.

ಈ ಸಲದ ಬುಟ್ಟಿ ಬಂದ ದಿನ ನೀಲಮ್ಮ ಅದನ್ನು ಒಳಗೆ ಒಯ್ಯಲಿಲ್ಲ. ಹಣ್ಣು ಒಂದೊಂದೇ ಪಡಸಾಲೆಯ ಮೇಲೆ ತೆಗೆದಿಟ್ಟು, ಬರಿದಾದ ಬುಟ್ಟಿಯನ್ನು ನನ್ನ ಮುಂದಿಟ್ಟಳು. "ಪ್ರತಿ ವರ್ಷ ಬುಟ್ಟಿ ತುಂಬಿ ಕಳಸ್ತಾಳ. ಖಾಲಿ ಬುಟ್ಟಿ ತಿರುಗಿ ಕೊಡಬಾರದು ಅಂತ ಪ್ರತಿ ವರ್ಷ ನಾ ಬೆಲ್ಲ ಹಾಕಿ ಕಳಸ್ತೀನಿ. ಈ ವರ್ಷ ನೀವಾ ಏನರ ಹಾಕ್ರಿ," ಎಂದಳು. ಆಮೇಲೆ, ನನ್ನ ಮುಖ ನೋಡದೆ: "ಆ ಅರ್ಜಿ ಕಳಿಸಿದ್ರೇನ್ರೀ ನೀವು?"

ಇಷ್ಟು ವರ್ಷ ಕೇಳದಿದ್ದವಳು. ಏನು ಕಂಡಿದ್ದಳೋ, ಎಂದಿನಿಂದ ಗೊತ್ತಿತ್ತೋ. "ಇಲ್ಲ," ಎಂದೆ. ಒಂದು ಸಲ ಬಾಯಿ ಬಿಟ್ಟ ಮೇಲೆ ನಿಲ್ಲಲಿಲ್ಲ. "ಮೊದಲನೇದೂ ನಾನಾ ಬರದದ್ದು, ನೀಲಾ."

ಅವಳು ಅಂದಳು: "ನನ್ನ ಸೆರಗಿನ ಒಂದು ದುಡ್ಡಿಗೆ ಇಷ್ಟೆಲ್ಲಾ ಮಾಡಿದ್ರೇನು?" ಆ ಹಣ್ಣುಗಳನ್ನು ಅವಳು ಬೀದಿಯ ಮಕ್ಕಳಿಗೆ ಹಂಚಿದಳು. ನಮ್ಮ ಮನೆಯಲ್ಲಿ ಒಂದನ್ನೂ ಯಾರೂ ತಿನ್ನಲಿಲ್ಲ.

ಸೋಮವಾರದ ಬೆಳಗಿನ ಬಸ್ಸಿಗೆ ನಿನ್ನಲ್ಲಿಗೆ ಬರುತ್ತಿದ್ದೇನೆ, ಮಲ್ಲಮ್ಮ. ಈ ಬರಹವನ್ನು ನಿನ್ನ ಮುಂದೆ ಓದುತ್ತೇನೆ. ಬುಟ್ಟಿಯನ್ನೂ ತರುತ್ತೇನೆ, ಖಾಲಿ ತರುವುದಿಲ್ಲ. ಅದರಲ್ಲಿ ಎರಡು ಕಾಗದ ಇವೆ. ಒಂದು, ನಿಮ್ಮಪ್ಪನ ಹೆಬ್ಬೆಟ್ಟಿನ ಗುರುತಿರುವ, ನಾನು ಕಳಿಸದ ಅರ್ಜಿ. ಇನ್ನೊಂದು, ನಾನು ಕಳಿಸಿದ ಆ ಮೊದಲನೆಯದು. ಮೂಲ ಯಾವ ಕಚೇರಿಯಲ್ಲಿ ಗೆದ್ದಲು ಹಿಡಿದಿದೆಯೋ, ಆದರೆ ಅದರ ಒಂದು ಅಕ್ಷರವೂ ನನಗೆ ಮರೆತಿಲ್ಲ. ಈ ವಾರ ಕೂತು ಮತ್ತೆ ಬರೆದಿದ್ದೇನೆ, ಅದೇ ಉರ್ದುವಿನಲ್ಲಿ. ಈ ಸಲ ಕೆಳಗೆ ನನ್ನ ಹೆಸರು ಹಾಕಿದ್ದೇನೆ. ಇಷ್ಟು ವರ್ಷವಾದರೂ ಬರಹ ಬದಲಾಗಿಲ್ಲ. ನಿನಗೆ ಉರ್ದು ಬರುವುದಿಲ್ಲ. ಪರವಾಗಿಲ್ಲ, ಅಕ್ಕಪಕ್ಕ ಇಟ್ಟು ನೋಡು. ಎರಡೂ ಒಂದೇ ಕೈಯದೆಂದು ಓದಲು ಬಾರದವರಿಗೂ ಕಾಣುತ್ತದೆ.

ನಿಮ್ಮಪ್ಪನ ಹುಟ್ಟುಗೋಲು ನಿನ್ನ ಮನೆಯಲ್ಲಿದೆ, ಅದರ ಮೇಲೆ ಕೌದಿ ಒಣಹಾಕುತ್ತೀರಿ ಎಂದು ನೀನೇ ಹೇಳಿದ್ದೆ. ಅದನ್ನು ಇಳಿಸಿ ಹಿಡಿ. ಕಾಗದಗಳನ್ನು ಅದರ ಮೇಲೆ ಇಡುತ್ತೇನೆ. ನೀನು ಏನು ಅಂದರೂ ನಿಂತು ಕೇಳಿಕೊಳ್ಳುತ್ತೇನೆ. ನಿನ್ನ ಮನೆಯವರು, ನಿನ್ನ ಓಣಿಯವರು ಕೇಳುವ ಹಾಗೆಯೇ ಅನ್ನು.

ಬರುವ ಕಾರ್ತಿಕಕ್ಕೆ ಬುಟ್ಟಿ ಕಳಿಸಬೇಡ.